ತೂಕ ಎತ್ತುವ ಹೆಂಗಸಿಗೆ ಜೊತೆ ಯಾವಾಗ ಬೇಕು, ಯಾವಾಗ ಬೇಡ

ತುಂಬಿದ ಗ್ಯಾಸ್ ಸಿಲಿಂಡರಿನಲ್ಲಿ 14.2 ಕೆಜಿ ಅನಿಲ ಇರುತ್ತದೆ. ಖಾಲಿ ಸಿಲಿಂಡರಿನ ತೂಕವನ್ನು ಅದರ ಮೇಲೇ ಬರೆದಿರುತ್ತಾರೆ, ಸಾಮಾನ್ಯವಾಗಿ 15-16 ಕೆಜಿ. ಎರಡೂ ಸೇರಿದರೆ 30 ಕೆಜಿಯ ಹತ್ತಿರ. ಮನೆಯಲ್ಲಿ ಬೇರೆ ಯಾರೂ ಇಲ್ಲದ ಹೊತ್ತಿಗೆ ಗ್ಯಾಸ್ ಮುಗಿದರೆ ಅದನ್ನು ವಾಲಿಸಿಕೊಂಡು ಉರುಳಿಸಿ, ಹೊಸ್ತಿಲು ಬಂದಾಗ ಎರಡೂ ಕೈ ಹಾಕಿ ಎತ್ತಿ ದಾಟಿಸುವ ಹೆಂಗಸರು ನಮ್ಮ ಪ್ರತಿ ಬೀದಿಯಲ್ಲೂ ಇದ್ದಾರೆ. ಅದೇ ಹೆಂಗಸು ಜಿಮ್ಮಿಗೆ ಹೋದ ಮೊದಲ ದಿನ ಡಂಬ್‌ಬೆಲ್ ಸಾಲಿನ ಮುಂದೆ ನಿಂತು ಎರಡು ಕೆಜಿಯದನ್ನು ಕೈಗೆ ತೆಗೆದುಕೊಳ್ಳುತ್ತಾಳೆ. ಆರು ತಿಂಗಳಾದ ಮೇಲೂ ಅವಳ ಕೈಯಲ್ಲಿ ಅದೇ ಎರಡು ಕೆಜಿ ಇರುತ್ತದೆ.

"ಒಬ್ಬಳೇ ಮಾಡಲಾ, ಯಾರಾದರೂ ಗೆಳತಿಯನ್ನು ಜೊತೆಗೆ ಕರೆದುಕೊಳ್ಳಲಾ, ಟ್ರೈನರ್‌ಗೆ ದುಡ್ಡು ಕೊಡಲಾ?" ತೂಕ ಎತ್ತಲು ಹೊರಟ ಹೆಂಗಸರು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿರುವ ಪ್ರಶ್ನೆ ಇದು. ಸಾಮಾನ್ಯವಾಗಿ ಇದಕ್ಕೆ ಸ್ವಭಾವ ನೋಡಿ ಉತ್ತರ ಹೇಳುತ್ತಾರೆ: ಸೋಮಾರಿಯಾದರೆ ಟ್ರೈನರ್ ಇಟ್ಟುಕೋ, ಶಿಸ್ತು ಇದ್ದರೆ ಒಬ್ಬಳೇ ಮಾಡು ಅಂತ. ನಾನು ಎರಡು ವರ್ಷ ಒಬ್ಬಳೇ, ಒಂದು ವರ್ಷ ಟ್ರೈನರ್ ಕೈಕೆಳಗೆ, ಈಗ ಮೂರು ವರ್ಷದಿಂದ ಗೆಳತಿಯೊಬ್ಬಳ ಜೊತೆ ತೂಕ ಎತ್ತುತ್ತಿದ್ದೇನೆ. ನನಗೆ ಅರ್ಥವಾಗಿದ್ದು ಬೇರೆ. ಒಬ್ಬಳೇ ಮಾಡುವ ಹೆಂಗಸು ಸೋಮಾರಿತನದಿಂದ ನಿಲ್ಲುವುದು ಕಡಿಮೆ. ಅವಳು ತಪ್ಪದೆ ಹೋಗುತ್ತಾಳೆ, ಬೆವರು ಸುರಿಸುತ್ತಾಳೆ, ಆದರೆ ಆರಿಸಿಕೊಂಡ ತೂಕ ತೀರಾ ಹಗುರವಾಗಿರುತ್ತದೆ. ಎರಡನೆಯವರ ನಿಜವಾದ ಬೆಲೆ ಇರುವುದು ಆ ಆಯ್ಕೆಯಲ್ಲಿ.

ಸ್ನಾಯು ಬಲವಾಗುವ ಬಗೆಯನ್ನು ನೋಡಿದರೆ ಇದು ತಿಳಿಯುತ್ತದೆ. ಮೊದಲ ಆರೆಂಟು ವಾರದಲ್ಲಿ ಬರುವ ಬಲದ ಬಹುಪಾಲು ನರಗಳದ್ದು. ಇರುವ ಸ್ನಾಯುವನ್ನೇ ಹೆಚ್ಚು ಚೆನ್ನಾಗಿ ಬಳಸುವುದನ್ನು ಮೈ ಕಲಿಯುತ್ತದೆ. ಹಾಗಾಗಿ ಶುರುವಿನಲ್ಲಿ ಎಷ್ಟು ಹಗುರ ಎತ್ತಿದರೂ ಸುಧಾರಣೆ ಕಾಣುತ್ತದೆ. ಅಲ್ಲಿಂದ ಮುಂದೆ ಸ್ನಾಯುವಿನ ಎಳೆಗಳೇ ದಪ್ಪವಾಗಬೇಕು. ಅದಕ್ಕೆ ಅವು ತಮ್ಮ ಮಿತಿಯ ಹತ್ತಿರಕ್ಕೆ ಹೋಗಿ ಬರಬೇಕು. ಹತ್ತು ಸಲ ಎತ್ತಿ ಇಳಿಸಿದ ಮೇಲೆ "ಇನ್ನೂ ಎಷ್ಟು ಸಲ ಎತ್ತಬಹುದಿತ್ತು?" ಎಂದು ಕೇಳಿಕೊಂಡರೆ ಉತ್ತರ ಎರಡು ಅಥವಾ ಮೂರು ಆಗಿರಬೇಕು. ಎಂಟೋ ಹತ್ತೋ ಅಂತ ಬಂದರೆ ಸ್ನಾಯುವಿಗೆ ಬದಲಾಗಲು ಕಾರಣವೇ ಸಿಕ್ಕಿಲ್ಲ. ನಮ್ಮ ಪಾರ್ಕುಗಳ ಬಯಲು ಜಿಮ್ಮುಗಳಲ್ಲಿ ಇರುವ ತೊಂದರೆಯೂ ಇದೇ. ಅಲ್ಲಿನ ಹೆಚ್ಚಿನ ಯಂತ್ರಗಳಲ್ಲಿ ಭಾರ ಏರಿಸುವ ವ್ಯವಸ್ಥೆ ಇಲ್ಲ. ಕೀಲು ಸಡಿಲವಾಗಲು ಅವು ಒಳ್ಳೆಯವು, ಆದರೆ ಮೊದಲ ತಿಂಗಳ ಮೇಲೆ ಬಲಕ್ಕೆ ಸಾಲುವುದಿಲ್ಲ.

ಹೆಂಗಸರು ತಾವೇ ತೂಕ ಆರಿಸಿಕೊಂಡರೆ ಎಷ್ಟನ್ನು ಆರಿಸುತ್ತಾರೆ ಎಂಬುದನ್ನು ಅಮೆರಿಕದ ಸಂಶೋಧಕರು ಅಳೆದು, 2008ರಲ್ಲಿ ಪ್ರಕಟಿಸಿದರು. ಮೊದಲೇ ತೂಕ ಎತ್ತುವ ಅಭ್ಯಾಸವಿದ್ದ 46 ಹೆಂಗಸರು ಅದರಲ್ಲಿದ್ದರು. ಕೆಲವರು ಟ್ರೈನರ್ ಜೊತೆ ಕಲಿತವರು, ಉಳಿದವರು ತಾವೇ ಮಾಡಿಕೊಂಡವರು. ಒಬ್ಬೊಬ್ಬರೂ ಒಂದೇ ಒಂದು ಸಲ ಎತ್ತಬಲ್ಲ ಅತಿ ಹೆಚ್ಚು ಭಾರ ಎಷ್ಟೆಂದು ಅಳೆದು, ದಿನನಿತ್ಯದ ಹತ್ತು ರೆಪ್‌ಗಳಿಗೆ (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಅದರಲ್ಲಿ ಎಷ್ಟು ಪಾಲು ಆರಿಸುತ್ತಾರೆ ಎಂದು ನೋಡಿದರು. ತಾವೇ ಮಾಡಿಕೊಂಡವರು ಆರಿಸಿದ್ದು ಸರಾಸರಿ ಶೇ 40ರ ಆಸುಪಾಸು, ಟ್ರೈನರ್ ಜೊತೆ ಕಲಿತವರು ಶೇ 50ರ ಆಸುಪಾಸು. ಹತ್ತು ಸಲ ಎತ್ತಲು ಸಾಮಾನ್ಯವಾಗಿ ಶೇ 70-75ರ ಭಾರವನ್ನೂ ತಡೆಯಬಹುದು. ಅಂದರೆ ಟ್ರೈನರ್ ಇದ್ದವರೂ ಕಡಿಮೆಯೇ ಆರಿಸಿದ್ದರು, ಇಲ್ಲದವರು ಇನ್ನೂ ಕಡಿಮೆ. ಇವರೆಲ್ಲ ಹೊಸಬರಲ್ಲ ಎಂಬುದನ್ನು ಮರೆಯಬಾರದು.

ಕಡಿಮೆ ಆರಿಸುವುದಕ್ಕೆ ಕಾರಣ ಅಂಜಿಕೆ ಎಂದು ಹೇಳಿ ಮುಗಿಸುವುದು ನನಗೆ ಒಪ್ಪಿಗೆಯಿಲ್ಲ. ಅಂಜಿಕೆ ಇದೆ, ನಿಜ. "ಗಂಡಸಿನ ಹಾಗೆ ಮೈ ಬಂದುಬಿಟ್ಟರೆ?" ಎಂಬುದು ಅದರಲ್ಲಿ ದೊಡ್ಡದು. ಸ್ನಾಯು ಉಬ್ಬಿಸುವ ಟೆಸ್ಟೊಸ್ಟೆರಾನ್ ಗಂಡಸರ ರಕ್ತದಲ್ಲಿ ಹೆಂಗಸರಿಗಿಂತ ಹತ್ತು ಪಟ್ಟಿಗೂ ಹೆಚ್ಚು ಇರುವುದರಿಂದ ಆ ಭಯಕ್ಕೆ ಆಧಾರವಿಲ್ಲ. ಆದರೆ ಇನ್ನೊಂದು ಕಾರಣ ಬರೀ ಲೆಕ್ಕದ್ದು, ಅದನ್ನು ಯಾರೂ ಹೇಳುವುದಿಲ್ಲ. ಬಹಳಷ್ಟು ಜಿಮ್ಮುಗಳಲ್ಲಿ ಡಂಬ್‌ಬೆಲ್‌ಗಳು ಎರಡೂವರೆ ಕೆಜಿಯ ಮೆಟ್ಟಿಲಿನಲ್ಲಿ ಏರುತ್ತವೆ. 40 ಕೆಜಿ ಎತ್ತುವ ಗಂಡಸು 42.5ಕ್ಕೆ ಹೋದರೆ ಅವನ ಹೊರೆ ನೂರಕ್ಕೆ ಆರು ಪಾಲು ಏರಿತು. ಭುಜದ ಮೇಲೆ 5 ಕೆಜಿ ಎತ್ತುವ ಹೆಂಗಸು 7.5ಕ್ಕೆ ಹೋದರೆ ಅವಳ ಹೊರೆ ಒಂದೇ ದಿನದಲ್ಲಿ ಒಂದೂವರೆ ಪಟ್ಟು ಆಯಿತು. ಮೂರನೆಯ ರೆಪ್‌ನಲ್ಲೇ ಕೈ ನಡುಗಿ ಅವಳು ಮತ್ತೆ ಐದಕ್ಕೆ ಬರುತ್ತಾಳೆ, ತನ್ನಲ್ಲಿ ಶಕ್ತಿ ಇಲ್ಲ ಎಂದುಕೊಳ್ಳುತ್ತಾಳೆ. ನಾನು ಐದು ಕೆಜಿಯಲ್ಲಿ ಹನ್ನೊಂದು ತಿಂಗಳು ನಿಂತಿದ್ದು ಹೀಗೆ. ಅದು ಮೆಟ್ಟಿಲಿನ ದೋಷ, ನನ್ನದಲ್ಲ ಎಂದು ಆಗ ಹೇಳುವವರು ಇರಲಿಲ್ಲ.

ಒಳ್ಳೆಯ ಟ್ರೈನರ್ ಇಂಥ ಕಡೆ ಏನು ಮಾಡುತ್ತಾರೆ ಎಂದರೆ, ಐದರಲ್ಲೇ ಹತ್ತರ ಬದಲು ಹದಿನೈದು ರೆಪ್ ಮಾಡಿಸುತ್ತಾರೆ, ಇಳಿಸುವ ಹೊತ್ತನ್ನು ನಿಧಾನಗೊಳಿಸುತ್ತಾರೆ, ಆಮೇಲೆ ಏಳೂವರೆಯನ್ನು ಆರು ರೆಪ್‌ಗೆ ಕೊಡುತ್ತಾರೆ. ಬಾರ್, ಅಂದರೆ ತುದಿಗಳಿಗೆ ಭಾರದ ಪ್ಲೇಟ್ ಸಿಕ್ಕಿಸುವ ಉದ್ದ ಸರಳು, ಆದರೆ ಎರಡೂ ಕಡೆ ಚಿಕ್ಕ ಪ್ಲೇಟ್ ಹಾಕಿ ಒಂದೊಂದೇ ಕೆಜಿ ಏರಿಸುತ್ತಾರೆ. ಮೈಸೂರಿನ ಗರಡಿಮನೆಗಳಲ್ಲಿ ಉಸ್ತಾದರು ಪೈಲ್ವಾನರಿಗೆ ಎಷ್ಟು ದಂಡ, ಎಷ್ಟು ಬಸ್ಕಿ, ಯಾವಾಗ ಸಾಮು ಎಂದು ಹೇಳಿ ಬೆಳೆಸುತ್ತಿದ್ದದ್ದೂ ಇದೇ ಕೆಲಸ. ಅಲ್ಲಿ ಒಬ್ಬನೇ ಮೈ ಕಟ್ಟುವುದು ಎಂಬ ಮಾತೇ ಇರಲಿಲ್ಲ. ಉಸ್ತಾದ್ ಇರುತ್ತಿದ್ದರು, ಜೋಡಿ ಇರುತ್ತಿತ್ತು. ಹೆಂಗಸರಿಗೆ ಆ ಕೆಮ್ಮಣ್ಣಿನ ಅಂಕಣಕ್ಕೆ ಕಾಲಿಡುವ ಹಾಗಿರಲಿಲ್ಲ. ಒಲಿಂಪಿಕ್ಸ್‌ನಲ್ಲೂ ಹೆಂಗಸರ ವೇಟ್‌ಲಿಫ್ಟಿಂಗ್ ಶುರುವಾಗಿದ್ದು 2000ದಲ್ಲಿ, ಕರ್ಣಂ ಮಲ್ಲೇಶ್ವರಿ ಕಂಚು ಗೆದ್ದ ಸಿಡ್ನಿ ಕೂಟದಲ್ಲಿ. ತಾಯಿಯಿಂದಲೋ ಅಜ್ಜಿಯಿಂದಲೋ ಇದನ್ನು ಕಲಿತು ಬಂದವರು ನಮ್ಮಲ್ಲಿ ಬಹಳ ಕಡಿಮೆ. ಅದಕ್ಕೇ ಶುರುವಿನ ಕೆಲವು ತಿಂಗಳಾದರೂ ಕಲಿಸುವವರು ಬೇಕು ಎಂದು ನಾನು ಗಟ್ಟಿಯಾಗಿ ಹೇಳುವುದು.

ಮೇಲ್ವಿಚಾರಣೆಯಿಂದ ಎಷ್ಟು ದೂರ ಹೋಗಬಹುದು ಎಂಬುದಕ್ಕೆ ನನಗೆ ಅತ್ಯಂತ ಇಷ್ಟವಾದ ಉದಾಹರಣೆ ಆಸ್ಟ್ರೇಲಿಯಾದ ಗ್ರಿಫಿತ್ ವಿಶ್ವವಿದ್ಯಾಲಯದ್ದು. ಮುಟ್ಟು ನಿಂತ, ಮೂಳೆ ಸವೆದ 101 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪು ಮನೆಯಲ್ಲೇ ಹಗುರವಾದ ವ್ಯಾಯಾಮ ಮಾಡಿತು. ಇನ್ನೊಂದು ಗುಂಪು ವಾರಕ್ಕೆ ಎರಡು ದಿನ, ಅರ್ಧರ್ಧ ಗಂಟೆ, ತರಬೇತುದಾರರ ಕಣ್ಣೆದುರು ಡೆಡ್‌ಲಿಫ್ಟ್ (ನೆಲದಿಂದ ಬಾರ್ ಎತ್ತಿ ನೆಟ್ಟಗೆ ನಿಲ್ಲುವುದು), ಸ್ಕ್ವಾಟ್ (ಹೆಗಲ ಮೇಲೆ ಬಾರ್ ಹೊತ್ತು ಕೂತು ಏಳುವುದು), ತಲೆಯ ಮೇಲೆ ಬಾರ್ ಎತ್ತುವುದು, ಜಿಗಿದು ಇಳಿಯುವುದು ಇಷ್ಟನ್ನು ಮಾಡಿತು. ಮೊದಲ ತಿಂಗಳು ಬರೀ ಭಂಗಿ ಕಲಿಕೆ. ಆಮೇಲೆ ತಮ್ಮ ಗರಿಷ್ಠ ಭಾರದ ಶೇ 85ಕ್ಕೂ ಮೇಲೆ, ಐದು ಸೆಟ್, ಒಂದೊಂದರಲ್ಲಿ ಐದು ರೆಪ್. ಎಂಟು ತಿಂಗಳ ಕೊನೆಗೆ ಭಾರ ಎತ್ತಿದವರ ಸೊಂಟದ ಬೆನ್ನೆಲುಬಿನ ಸಾಂದ್ರತೆ ಸರಾಸರಿ ಶೇ 2.9 ಏರಿತ್ತು, ಮನೆಯಲ್ಲಿ ಮಾಡಿದವರದ್ದು ಶೇ 1.2 ಇಳಿದಿತ್ತು. ಭಾರ ಎತ್ತಿದವರಲ್ಲಿ ಆದ ತೊಂದರೆ ಎಂದರೆ ಒಬ್ಬರಿಗೆ ಸೊಂಟ ಹಿಡಿದುಕೊಂಡದ್ದು, ಅಷ್ಟೇ.

ಈ ಫಲಿತಾಂಶ ಬಂದದ್ದು ಭಾರದಿಂದ. ಪಕ್ಕದಲ್ಲಿ ಒಬ್ಬರು ನಿಂತ ಮಾತ್ರಕ್ಕೆ ಮೂಳೆ ಬೆಳೆಯುವುದಿಲ್ಲ. ಆದರೆ ಅರವತ್ತು ದಾಟಿದ, ಮೂಳೆ ತೆಳುವಾದ ಹೆಂಗಸಿಗೆ ಅಷ್ಟು ಭಾರವನ್ನು ಅಪಾಯವಿಲ್ಲದೆ ಕೊಡಲು ಆದದ್ದು ಬೆನ್ನು ಬಾಗುವುದನ್ನು ಆ ಕ್ಷಣವೇ ನೋಡಿ ತಡೆಯುವ ಕಣ್ಣು ಇದ್ದುದರಿಂದ. ನಮ್ಮ ಮನೆಗಳಲ್ಲಿ "ವಯಸ್ಸಾಯ್ತು, ಭಾರ ಎತ್ತಬೇಡಿ" ಎಂದು ಅಮ್ಮಂದಿರಿಗೆ ಹೇಳುತ್ತೇವಲ್ಲ, ಆ ಮಾತನ್ನು ಬದಲಾಯಿಸಬೇಕಾದದ್ದು ಇಲ್ಲಿ. ಮೂಳೆ ಸವೆತ ಇರುವವರು, ಬಿ.ಪಿ. ಹತೋಟಿಯಲ್ಲಿ ಇಲ್ಲದವರು, ಹೃದಯದ ತೊಂದರೆ ಇರುವವರು, ಬಸುರಿಯರು ಮೊದಲು ಡಾಕ್ಟರ್ ಹತ್ತಿರ ಮಾತಾಡಿ, ಆಮೇಲೆ ಕಲಿತವರ ಕೈಕೆಳಗೇ ಮಾಡಬೇಕು. ಇವರಿಗೆ "ಒಬ್ಬಳೇ" ಎಂಬ ಆಯ್ಕೆಯನ್ನು ನಾನು ಕೊಡುವುದಿಲ್ಲ.

ಇನ್ನು ಗೆಳತಿಯ ವಿಷಯ. 1920ರ ದಶಕದಲ್ಲಿ ಜರ್ಮನಿಯ ಒಟ್ಟೊ ಕೋಲರ್ ಎಂಬ ಮನಶ್ಶಾಸ್ತ್ರಜ್ಞ ಬರ್ಲಿನ್ನಿನ ದೋಣಿ ಹುಟ್ಟುಹಾಕುವ ಕ್ಲಬ್ಬಿನವರಿಗೆ 41 ಕೆಜಿಯ ಸರಳನ್ನು ಎತ್ತಿ ಇಳಿಸಲು ಹೇಳಿದ. ಮೊದಲು ಒಬ್ಬೊಬ್ಬರೇ, ಆಮೇಲೆ ಎರಡರಷ್ಟು ಭಾರದ ಒಂದೇ ಸರಳನ್ನು ಇಬ್ಬರು ಹಿಡಿದು. ಇಬ್ಬರಲ್ಲಿ ಒಬ್ಬ ಬಿಟ್ಟರೆ ಇನ್ನೊಬ್ಬನಿಗೂ ಮುಂದುವರಿಸಲು ಆಗದು. ಅಂಥ ಹೊತ್ತಿನಲ್ಲಿ ಇಬ್ಬರಲ್ಲಿ ಕಡಿಮೆ ಬಲದವನು ತಾನು ಒಬ್ಬನೇ ಇದ್ದಾಗಿನದಕ್ಕಿಂತ ಹೆಚ್ಚು ಹೊತ್ತು ತಡೆದ. ಇಬ್ಬರ ನಡುವಿನ ಅಂತರ ತೀರಾ ಹೆಚ್ಚೂ ಅಲ್ಲದೆ ತೀರಾ ಕಡಿಮೆಯೂ ಅಲ್ಲದೆ ಇದ್ದಾಗ ಇದು ಚೆನ್ನಾಗಿ ಕಂಡಿತು.

ಇದನ್ನೇ ಅಮೆರಿಕದಲ್ಲಿ ಕಾಲೇಜು ಹುಡುಗಿಯರ ಮೇಲೆ ವ್ಯಾಯಾಮದ ಸೈಕಲ್ಲಿನಲ್ಲಿ ಮಾಡಿ ನೋಡಿದರು, 2012ರಲ್ಲಿ ಪ್ರಕಟವಾಯಿತು. ಒಬ್ಬಳೇ ತುಳಿದವರು ಸರಾಸರಿ 11 ನಿಮಿಷದ ಒಳಗೇ ನಿಲ್ಲಿಸಿದರು. ತನಗಿಂತ ಸ್ವಲ್ಪ ಮೇಲಾದ ಜೊತೆಗಾತಿಯನ್ನು ಪರದೆಯ ಮೇಲೆ ಕಾಣುತ್ತಾ ತುಳಿದವರು 20 ನಿಮಿಷದ ಹತ್ತಿರ ಹೋದರು. "ಇಬ್ಬರಲ್ಲಿ ಮೊದಲು ನಿಲ್ಲಿಸುವವಳ ಅಂಕವೇ ಇಬ್ಬರಿಗೂ" ಎಂದು ಹೇಳಿದಾಗ 22ರ ಹತ್ತಿರ ಹೋಯಿತು. ಸೈಕಲ್ ತುಳಿಯುವುದೇ ಬೇರೆ, ಬಾರ್ ಎತ್ತುವುದೇ ಬೇರೆ. ಅಷ್ಟು ದೊಡ್ಡ ಅಂತರ ತೂಕದಲ್ಲಿ ಬರುವುದಿಲ್ಲ. ಆದರೂ ಗೆಳತಿಯನ್ನು ಆರಿಸಿಕೊಳ್ಳುವಾಗ ಇದರಿಂದ ಒಂದು ಮಾತು ಸಿಗುತ್ತದೆ: ನಿನಗಿಂತ ಒಂದೆರಡು ಮೆಟ್ಟಿಲು ಮುಂದೆ ಇರುವವಳನ್ನು ಹುಡುಕು.

ಅಂಥ ಜೊತೆ ಗಂಡನೇ ಏಕೆ ಆಗಬಾರದು ಎಂದು ಕೇಳಬಹುದು. ಆಗಬಹುದು, ಆದರೆ ಅವನ ಪಟ್ಟಿಯನ್ನೇ ನೀನೂ ಅನುಸರಿಸಬೇಡ. ಅವನ ಹೊರೆ ಏರುವ ಲೆಕ್ಕ ಬೇರೆ ಎಂದು ಮೇಲೆ ನೋಡಿದೆವು. ಜೊತೆಗೆ, ಅವರವರ ಬಲಕ್ಕೆ ತಕ್ಕಷ್ಟೇ ಭಾರ ಕೊಟ್ಟಾಗ ಹೆಂಗಸರ ಸ್ನಾಯು ಸಾಮಾನ್ಯವಾಗಿ ಗಂಡಸರದ್ದಕ್ಕಿಂತ ತಡವಾಗಿ ದಣಿಯುತ್ತದೆ. ಅವನಿಗೆ ಎಂಟಕ್ಕೆ ಮುಗಿಯುವ ಸೆಟ್ ನಿನಗೆ ಹನ್ನೊಂದಕ್ಕೆ ಮುಗಿಯಬಹುದು. ಅವನು ಮೂರು ನಿಮಿಷ ಕೂತು ಸುಧಾರಿಸಿಕೊಳ್ಳುವಾಗ ನೀನು ಎರಡಕ್ಕೇ ತಯಾರಿರಬಹುದು. ಅವನು ಎಂಟಕ್ಕೆ ನಿಲ್ಲಿಸಿದ ಎಂದು ನೀನೂ ನಿಲ್ಲಿಸಿದರೆ ಮತ್ತೆ ಅದೇ ಹಗುರದ ಬಲೆ.

ಜೊತೆಗಾತಿ ಮಾಡಬೇಕಾದ ಇನ್ನೊಂದು ಕೆಲಸ ಬಾರ್ ಮೈಮೇಲೆ ಬೀಳದಂತೆ ಕಾಯುವುದು. ಬೆಂಚ್ ಪ್ರೆಸ್‌ನಲ್ಲಿ, ಅಂದರೆ ಬೆಂಚಿನ ಮೇಲೆ ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವಾಗ, ಅವಳು ತಲೆಯ ಹಿಂದೆ ನಿಂತು, ಬಾರ್‌ನ ಕೆಳಗೆ ಕೈ ಹಿಡಿದು, ಮುಟ್ಟದೆ ಇರಬೇಕು. ಬಾರ್ ಮೇಲೆ ಹೋಗುತ್ತಾ ನಿಂತರೆ, ಅಥವಾ ಕೆಳಗೆ ಬರಲು ಶುರುವಾದರೆ ಮಾತ್ರ ಹಿಡಿಯಬೇಕು. ಪಕ್ಕದಲ್ಲಿ ನಿಂತವರು ಮೊದಲ ರೆಪ್‌ನಿಂದಲೇ ಬೆರಳು ಹಾಕಿ ಎಳೆಯುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಆಗ ಯಾರು ಎಷ್ಟು ಎತ್ತಿದರು ಎಂಬುದೇ ತಿಳಿಯುವುದಿಲ್ಲ. ನಾವಿಬ್ಬರೂ ಒಂದು ಕಟ್ಟಳೆ ಮಾಡಿಕೊಂಡಿದ್ದೇವೆ: ಅವಳ ಬೆರಳು ತಾಗಿದ ರೆಪ್ ನನ್ನ ನೋಟ್‌ಬುಕ್ಕಿಗೆ ಬರುವ ಹಾಗಿಲ್ಲ.

ಒಬ್ಬಳೇ ಇದ್ದಾಗ ಕಾಯುವವರಿಲ್ಲ, ಹಾಗಾಗಿ ಸೋತರೆ ಹೇಗೆ ಹೊರಬರುವುದು ಎಂಬುದನ್ನು ಎತ್ತುವ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಡೆಡ್‌ಲಿಫ್ಟ್‌ನಲ್ಲಿ ಭಾರವನ್ನು ನೆಲಕ್ಕೆ ಬಿಟ್ಟರಾಯಿತು. ಸ್ಕ್ವಾಟ್ ಮಾಡುವುದಾದರೆ ಕಬ್ಬಿಣದ ಚೌಕಟ್ಟಿನೊಳಗೆ, ನೀನು ಪೂರ್ತಿ ಕೂತಾಗ ಬಾರ್ ಇರುವ ಎತ್ತರಕ್ಕಿಂತ ಒಂದಿಷ್ಟು ಕೆಳಗೆ ಅಡ್ಡ ಸರಳು ಸಿಕ್ಕಿಸಿ ಮಾಡು. ಆ ಚೌಕಟ್ಟು ಇಲ್ಲದಿದ್ದರೆ ಒಂದೇ ಡಂಬ್‌ಬೆಲ್ಲನ್ನು ಎದೆಗೆ ಅವುಚಿ ಹಿಡಿದು ಕೂತು ಏಳುವುದು ಸಾಕು, ಆಗದಿದ್ದರೆ ಮುಂದಕ್ಕೆ ಕೆಳಗಿಡಬಹುದು. ನಿಜವಾದ ಅಪಾಯ ಇರುವುದು ಬೆಂಚ್ ಪ್ರೆಸ್‌ನಲ್ಲಿ, ಬಾರ್ ಎದೆಯ ಮೇಲೋ ಕುತ್ತಿಗೆಯ ಮೇಲೋ ಕೂತರೆ ಏಳಲು ದಾರಿ ಇಲ್ಲ. ಒಬ್ಬಳೇ ಇದ್ದರೆ ಬಾರ್ ಬೇಡ, ಡಂಬ್‌ಬೆಲ್ ತೆಗೆದುಕೋ. ಬಾರ್ ಹಿಡಿಯಲೇಬೇಕು ಎಂದರೆ ಪ್ಲೇಟ್ ಜಾರದಂತೆ ಹಾಕುವ ಕ್ಲಿಪ್ ಹಾಕಬೇಡ, ಒಂದು ಬದಿಗೆ ವಾಲಿಸಿದರೆ ಪ್ಲೇಟ್ ಜಾರಿ ಬಿದ್ದು ಬಿಡುಗಡೆ ಸಿಗುತ್ತದೆ. ನೆಲ ಹಾಳಾಗುತ್ತದೆ ಎಂದು ಜಿಮ್ಮಿನವರು ಬೈದರೂ ಪರವಾಗಿಲ್ಲ.

ತೂಕದ ಆಯ್ಕೆಯಲ್ಲಿ ಎರಡನೆಯವರ ಜಾಗವನ್ನು ತುಂಬುವುದು ನೋಟ್‌ಬುಕ್. ತಾರೀಕು, ಭಾರ, ರೆಪ್, "ಇನ್ನೂ ಎಷ್ಟು ಆಗುತ್ತಿತ್ತು" ಎಂಬ ಒಂದು ಅಂಕಿ, ಇಷ್ಟು ಸಾಕು. ಹೊಸಬರು ಈ ಕೊನೆಯ ಅಂಕಿಯನ್ನು ತಪ್ಪು ಅಂದಾಜು ಮಾಡುತ್ತಾರೆ. ಎರಡು ಉಳಿದಿತ್ತು ಅನ್ನಿಸಿದ ಕಡೆ ಇನ್ನೂ ಹೆಚ್ಚು ಉಳಿದಿರಬಹುದು. ಅದಕ್ಕೆ ಎರಡು ವಾರಕ್ಕೊಮ್ಮೆ ಲೆಗ್ ಪ್ರೆಸ್, ಕೂತು ಎಳೆಯುವ ಯಂತ್ರ ಇಂಥ ಅಪಾಯವಿಲ್ಲದ ಕಡೆ ಕೊನೆಯ ಸೆಟ್ಟನ್ನು ನಿಜವಾಗಿ ಆಗದಿರುವ ತನಕ ಮಾಡಿ ನೋಡು. ಅಂದಾಜು ಎಷ್ಟು ತಪ್ಪಿದೆ ಎಂದು ಅಲ್ಲಿ ಗೊತ್ತಾಗುತ್ತದೆ. ಭಂಗಿಗೆ ಕನ್ನಡಿ ನಂಬಬೇಡ, ಪಕ್ಕಕ್ಕೆ ತಿರುಗಿ ನೋಡಿದರೆ ಕುತ್ತಿಗೆಯ ಜೊತೆ ಬೆನ್ನೂ ತಿರುಗುತ್ತದೆ. ಫೋನನ್ನು ಪಕ್ಕದಲ್ಲಿ, ಮಂಡಿಯ ಎತ್ತರಕ್ಕೆ ಒರಗಿಸಿ ವಿಡಿಯೊ ತೆಗೆದುಕೋ.

ಟ್ರೈನರ್ ಇದ್ದೂ ಹಗುರದಲ್ಲೇ ಉಳಿಯುವ ಹೆಂಗಸರಿದ್ದಾರೆ. ನಾನು ಮೊದಲು ಸೇರಿದ ಜಿಮ್ಮಿನಲ್ಲಿ ಬೆಳಿಗ್ಗೆ ಹತ್ತರ 'ಲೇಡೀಸ್ ಬ್ಯಾಚ್'ಗೆ ಟ್ರೆಡ್‌ಮಿಲ್, ಹೊಟ್ಟೆ ಕರಗಿಸುವ ವ್ಯಾಯಾಮ, ಬಣ್ಣದ ಚಿಕ್ಕ ಡಂಬ್‌ಬೆಲ್ ಇಷ್ಟೇ. ಬಾರ್ ಕೇಳಿದಾಗ "ನಿಮಗೆ ಯಾಕೆ ಮೇಡಂ ಅದು?" ಎಂದರು. ನನಗೆ ಅಂದು ಆದ ನೋವು ಇನ್ನೂ ಹೋಗಿಲ್ಲ. ಹಾಗಾಗಿ ದುಡ್ಡು ಕೊಡುವ ಮೊದಲು ಎರಡು ಮಾತು ಕೇಳಿ: ನನ್ನ ತೂಕಗಳನ್ನು ಬರೆದಿಡುತ್ತೀರಾ? ಮೂರು ತಿಂಗಳಲ್ಲಿ ನಾನು ಏನನ್ನು ಎತ್ತುವ ಹಾಗಾಗಬೇಕು? ಉತ್ತರದಲ್ಲಿ ಬರೀ ಮೈತೂಕ ಇಳಿಸುವ ಮಾತು ಬಂದರೆ ಬೇರೆಯವರನ್ನು ನೋಡಿ. ಭಂಗಿ ತಿದ್ದಲು ಮೈ ಮುಟ್ಟುವ ಮೊದಲು ಕೇಳದವರನ್ನೂ ಬಿಡಿ. ಬಾಯಲ್ಲಿ ಹೇಳಿ, ಮಾಡಿ ತೋರಿಸಿಯೇ ತಿದ್ದಬಹುದು.

ಗಂಡಸರ ಹತ್ತಿರ ಹೇಳಲಾಗದೆ ಹೆಂಗಸರು ನುಂಗಿಕೊಳ್ಳುವ ಒಂದು ತೊಂದರೆ ಇದೆ. ಹೆತ್ತ ಮೇಲೆ ಭಾರ ಎತ್ತುವಾಗ, ಜಿಗಿಯುವಾಗ ಒಂದೆರಡು ಹನಿ ಮೂತ್ರ ಸೋರುವುದು. ಇದು ಬಹಳ ಜನರಿಗೆ ಆಗುತ್ತದೆ. ಬಹಳ ಜನ ಇದಕ್ಕೇ ಜಿಮ್ ಬಿಡುತ್ತಾರೆ, ಕಾರಣ ಮಾತ್ರ ಬೇರೆ ಹೇಳುತ್ತಾರೆ. ಕಿಬ್ಬೊಟ್ಟೆಯ ತಳದ ಸ್ನಾಯುಗಳಿಗೆ ಫಿಸಿಯೋಥೆರಪಿ ಇದೆ, ಅದರಿಂದ ಬಹಳಷ್ಟು ಜನಕ್ಕೆ ಗುಣ ಕಾಣುತ್ತದೆ. ಅಲ್ಲಿಯ ತನಕ ಭಾರ ಕಡಿಮೆ ಮಾಡಿ, ಉಸಿರು ಬಿಗಿಹಿಡಿಯದೆ ಎತ್ತುವಾಗ ಬಿಡುತ್ತಾ ಮಾಡಬಹುದು. ನನಗೆ ಇದನ್ನು ಹೇಳಿಕೊಟ್ಟದ್ದು ಟ್ರೈನರ್ ಅಲ್ಲ, ಗೆಳತಿ. ಹಾಗೆಯೇ ಮೂರನೆಯ ಸೆಟ್ಟಿಗೇ ತಲೆ ಸುತ್ತಿ ಏದುಸಿರು ಬಂದರೆ ಮನಸ್ಸಿನ ದೌರ್ಬಲ್ಯ ಎಂದು ಬೈದುಕೊಳ್ಳಬೇಡಿ, ಒಮ್ಮೆ ಹಿಮೋಗ್ಲೋಬಿನ್ ನೋಡಿಸಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಭಾರತೀಯ ಹೆಂಗಸರಲ್ಲಿ ಶೇ 57 ಜನಕ್ಕೆ ರಕ್ತಹೀನತೆ ಇತ್ತು.

ಜೊತೆಯಿಂದ ಆಗುವ ಹಾನಿಯನ್ನೂ ಹೇಳಬೇಕು. ಒಬ್ಬಳು ತಪ್ಪಿಸಿದ ದಿನ ಇಬ್ಬರದೂ ತಪ್ಪುತ್ತದೆ. ಮಾತಿಗೆ ಕೂತರೆ ಎರಡು ನಿಮಿಷದ ವಿಶ್ರಾಂತಿ ಎಂಟಾಗುತ್ತದೆ. ವಾರಕ್ಕೆ ಕನಿಷ್ಠ ಎರಡು ದಿನ ದೊಡ್ಡ ಸ್ನಾಯುಗಳಿಗೆಲ್ಲ ಭಾರ ಕೊಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಗೆಳತಿ ಬಾರದ ವಾರ ಆ ಎರಡನ್ನು ಒಬ್ಬಳೇ ಮುಗಿಸುವ ಪಟ್ಟಿ ಕೈಯಲ್ಲಿರಬೇಕು. ನನ್ನನ್ನು ಕೇಳಿದರೆ, ಕೈಗೆಟುಕುವುದಾದರೆ ಮೊದಲ ಮೂರು ತಿಂಗಳು ಟ್ರೈನರ್, ಆಮೇಲೆ ಗೆಳತಿ. ಹೊರೆ ಏರುವುದು ನಿಂತಾಗ ಮತ್ತೆ ಒಂದೆರಡು ದಿನದ ಮಟ್ಟಿಗೆ ಟ್ರೈನರ್.

ಇದ್ಯಾವುದೂ ಇಲ್ಲದ ಕಡೆಯೂ ದಾರಿ ಇದೆ. ತೀರ್ಥಹಳ್ಳಿಯ ಆಚೆ ತೋಟದ ಮನೆಯಲ್ಲಿ ನನ್ನ ಅತ್ತಿಗೆ ಇದ್ದಾರೆ, ಐವತ್ತೆರಡು ವರ್ಷ. ಹತ್ತಿರದಲ್ಲಿ ಜಿಮ್ ಇಲ್ಲ. ಹದಿನೈದು ಲೀಟರಿನ ಎರಡು ಎಣ್ಣೆ ಕ್ಯಾನುಗಳನ್ನು ತೊಳೆದು, ಲೀಟರ್ ಪಾತ್ರೆಯಲ್ಲಿ ನೀರು ಅಳೆದು ಹಾಕುತ್ತಾ ಹೊರಗಡೆ ಮಾರ್ಕರ್‌ನಲ್ಲಿ ಗೆರೆ ಎಳೆದಿದ್ದಾರೆ. ಒಂದು ಲೀಟರ್ ನೀರು ಒಂದು ಕೆಜಿ, ಅರ್ಧ ಲೀಟರ್ ಅರ್ಧ ಕೆಜಿ. ಯಾವ ಜಿಮ್ಮಿನ ಡಂಬ್‌ಬೆಲ್ ಸಾಲಿನಲ್ಲೂ ಸಿಗದ ಸಣ್ಣ ಮೆಟ್ಟಿಲು ಅವರ ಜಗಲಿಯಲ್ಲಿ ಸಿಕ್ಕಿತು. ಮುಚ್ಚಳ ಬಿಗಿದು ಎರಡೂ ಕೈಗೆ ಒಂದೊಂದು ಹಿಡಿದು ಬಾಗಿ ಏಳುತ್ತಾರೆ, ಅಂಗಳದ ಉದ್ದಕ್ಕೂ ನಡೆಯುತ್ತಾರೆ. ಹದಿನೈದು ದಿನಕ್ಕೊಮ್ಮೆ ಮಗನ ಕೈಯಲ್ಲಿ ವಿಡಿಯೊ ತೆಗೆಸಿ ನನಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತಾರೆ. ಹೋದ ವಾರದ ವಿಡಿಯೊದ ಕೊನೆಗೆ ಕ್ಯಾನ್ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, "ಬೆನ್ನು ನೆಟ್ಟಗಿತ್ತೇನೇ? ಇನ್ನೂ ಎರಡು ಸಲ ಆಗ್ತಿತ್ತು ನೋಡು" ಎಂದರು. "ನೆಟ್ಟಗಿತ್ತು ಅತ್ತಿಗೆ, ನಾಳೆ ಅರ್ಧ ಲೀಟರ್ ಜಾಸ್ತಿ ಹಾಕಿ" ಎಂದು ಬರೆದೆ.